ಟೇಪ್ ಯಾಕೆ ಬೇಗ ತುಂಬಿತು? ಮೇನ್‌ಫ್ರೇಮ್ ಕಾರ್ಟ್ರಿಡ್ಜ್‌ನಲ್ಲಿ ಉಳಿದ ಜಾಗದ ಲೆಕ್ಕ

ರಾತ್ರಿ ಎರಡೂವರೆಗೆ ಫೋನ್ ಬಂತು. ಶಿಫ್ಟ್‌ನಲ್ಲಿದ್ದ ಹುಡುಗ ಗಾಬರಿಯಾಗಿದ್ದ.

"ಸರ್, ತಿಂಗಳ ಕೊನೆಯ ಬ್ಯಾಕಪ್ ಬಿದ್ದಿದೆ. ಜೆಸಿಎಲ್ ಯಾರೂ ಮುಟ್ಟಿಲ್ಲ. ಹೋದ ತಿಂಗಳು ಐದೇ ಟೇಪಿಗೆ ಮುಗಿದಿತ್ತು. ಡೇಟಾನೂ ಜಾಸ್ತಿ ಆಗಿಲ್ಲ."

"ಮೆಸೇಜ್ ಏನಿದೆ, ಓದಪ್ಪ."

"ಐಇಸಿ028ಐ, 837-08 ಸರ್."

ಅವನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಜೆಸಿಎಲ್, ಅಂದರೆ ಜಾಬ್‌ಗೆ ಏನೇನು ಬೇಕು ಅಂತ ಸಿಸ್ಟಂಗೆ ಹೇಳುವ ಸಾಲುಗಳು, ಬದಲಾಗಿರಲಿಲ್ಲ, ಡೇಟಾ ಹೆಚ್ಚಾಗಿರಲಿಲ್ಲ. ಆದರೂ ಜಾಬ್ ಆರನೇ ಟೇಪ್ ಕೇಳಿತ್ತು. ಇದು ಹೇಗೆ ಆಗುತ್ತದೆ, ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಅನ್ನುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬೆಂಗಳೂರಲ್ಲಿ ಕೂತು ಬೇರೆ ದೇಶದ ಮೇನ್‌ಫ್ರೇಮ್ ನೋಡಿಕೊಳ್ಳುವ ನಮ್ಮಂಥವರಲ್ಲಿ ಎಷ್ಟೋ ಜನ ಟೇಪ್ ಕಾರ್ಟ್ರಿಡ್ಜನ್ನು ಕೈಯಲ್ಲಿ ಹಿಡಿದೇ ಇಲ್ಲ. ಹಾಗಾಗಿ ಕೆಲವು ವಿಷಯ ಬುಡದಿಂದಲೇ ಹೇಳುತ್ತೇನೆ.

ಮೊದಲು ಬಿದ್ದ ಜಾಬ್ ಎತ್ತಿ ನಿಲ್ಲಿಸಿ

837-08 ಅಂದರೆ ಇಷ್ಟೇ: ಬರೆಯುತ್ತಿದ್ದ ಟೇಪ್ ಮುಗಿಯಿತು, ಇನ್ನೊಂದು ಬೇಕು, ಆದರೆ ಆ ಫೈಲಿಗೆ ನೀವು ಬಿಟ್ಟುಕೊಟ್ಟ ಟೇಪ್‌ಗಳ ಸಂಖ್ಯೆ ಮುಗಿದುಹೋಗಿದೆ. ಲೈಬ್ರರಿಯಲ್ಲಿ ಸ್ಕ್ರ್ಯಾಚ್ ಟೇಪ್ (ಹೊಸದಾಗಿ ಬರೆಯಲು ಬಿಡುವಾಗಿರುವ ಟೇಪ್) ಇಲ್ಲ ಅಂತ ಇದರ ಅರ್ಥ ಅಲ್ಲ. ಸಾವಿರ ಸ್ಕ್ರ್ಯಾಚ್ ಇದ್ದರೂ ಈ ಅಬೆಂಡ್, ಅಂದರೆ ಜಾಬ್ ನಡುವೆಯೇ ಬೀಳುವುದು, ಬರುತ್ತದೆ.

ಜೆಸಿಎಲ್‌ನಲ್ಲಿ ಆ ಫೈಲನ್ನು ವಿವರಿಸುವ ಡಿಡಿ ಸಾಲಿನಲ್ಲಿ ವಾಲ್ಯೂಮ್ ಕೌಂಟ್ (ಎಷ್ಟು ಟೇಪ್ ಅನ್ನುವ ಸಂಖ್ಯೆ) ಬರೆಯದಿದ್ದರೆ ಸಿಸ್ಟಂ 5 ಟೇಪಿನವರೆಗೆ ಬಿಡುತ್ತದೆ. ಹೆಚ್ಚು ಬೇಕಿದ್ದರೆ ವಾಲ್=(,,,20) ಅಂತ ನಾಲ್ಕನೇ ಜಾಗದಲ್ಲಿ ಬರೆಯಬೇಕು. ಅಲ್ಪವಿರಾಮ ಎಣಿಸಿ ಬರೆಯಿರಿ. ಒಂದು ಕಡಿಮೆಯಾದರೆ ಸಂಖ್ಯೆ ವಾಲ್ಯೂಮ್ ಸೀಕ್ವೆನ್ಸ್‌ನ (ಎಷ್ಟನೇ ಟೇಪಿನಿಂದ ಶುರು ಅನ್ನುವುದರ) ಜಾಗಕ್ಕೆ ಹೋಗಿ ಕೂರುತ್ತದೆ. ಇನ್ನೊಂದು ಮಾತು, ಸಿಸ್ಟಂ ನೀವು ಬರೆದ ಸಂಖ್ಯೆಯನ್ನು ಇದ್ದ ಹಾಗೆ ತೆಗೆದುಕೊಳ್ಳುವುದಿಲ್ಲ. 6ರಿಂದ 20ರವರೆಗೆ ಏನು ಬರೆದರೂ 20 ಟೇಪ್ ಸಿಗುತ್ತದೆ. 21ರಿಂದ 35ರವರೆಗೆ ಏನು ಬರೆದರೂ 35. ಹೀಗೆ ಹದಿನೈದರ ಹೆಜ್ಜೆಯಲ್ಲಿ ಏರುತ್ತದೆ. ಬರೆಯಬಹುದಾದ ದೊಡ್ಡ ಸಂಖ್ಯೆ 255.

ಅವತ್ತು ರಾತ್ರಿ ನಾವು 20 ಹಾಕಿ ಜಾಬನ್ನು ಮೊದಲಿಂದ ಓಡಿಸಿದೆವು. ಮೊದಲಿಂದ ಓಡಿಸಿದ್ದು ಬೇಕಂತಲೇ. ಬ್ಯಾಕಪ್ ಅರ್ಧಕ್ಕೆ ನಿಂತಾಗ ಆಗಲೇ ಬರೆದ ಐದು ಟೇಪಿನಲ್ಲಿರುವುದು ಅರ್ಧ ಬ್ಯಾಕಪ್. ಅದಕ್ಕೆ ಉಳಿದದ್ದನ್ನು ಜೋಡಿಸುತ್ತೇನೆ ಅಂತ ಹೋಗಬೇಡಿ.

ಬೆಳಗ್ಗೆ ಜಾಬ್ ಮುಗಿಯಿತು, 13 ಟೇಪ್ ತಿಂದಿತ್ತು. ಇಲ್ಲಿಗೆ ಟಿಕೆಟ್ ಮುಚ್ಚುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಮುಚ್ಚಬೇಡಿ. ಐದು ಟೇಪಿನ ಜಾಬ್ ಹದಿಮೂರಕ್ಕೆ ಹೋಗಿದೆ ಅಂದರೆ ಎಲ್ಲೋ ಏನೋ ಬದಲಾಗಿದೆ. ಕೌಂಟ್ ಏರಿಸಿದ್ದರಿಂದ ನಿಂತದ್ದು ಅಬೆಂಡ್ ಮಾತ್ರ. ಕಾರಣ ಇದ್ದಲ್ಲೇ ಇದೆ.

ಟೇಪಿಗೆ ತನ್ನ ಜಾಗ ಗೊತ್ತಿಲ್ಲ

ಡಿಸ್ಕ್‌ನಲ್ಲಿ ವಿಟಾಕ್ ಅನ್ನುವ ಪಟ್ಟಿ ಇರುತ್ತದೆ. ಎಷ್ಟು ಟ್ರ್ಯಾಕ್ ಬಳಕೆಯಾಗಿದೆ, ಎಷ್ಟು ಖಾಲಿ ಇದೆ ಅಂತ ಅದನ್ನು ಕೇಳಿದರೆ ಗೊತ್ತಾಗುತ್ತದೆ. ಟೇಪಿನಲ್ಲಿ ಅಂಥದ್ದೇನೂ ಇಲ್ಲ. ಸ್ಟ್ಯಾಂಡರ್ಡ್ ಲೇಬಲ್ ಇರುವ ಟೇಪಿನ ಮೊದಲಲ್ಲಿ ಟೇಪಿನ ಗುರುತು ಹೇಳುವ ವಾಲ್1 ಲೇಬಲ್, ಆಮೇಲೆ ಫೈಲಿನ ವಿವರ ಹೇಳುವ ಎಚ್‌ಡಿಆರ್1 ಮತ್ತು ಎಚ್‌ಡಿಆರ್2, ಒಂದು ಟೇಪ್ ಮಾರ್ಕ್ (ಒಂದು ಭಾಗ ಮುಗಿಯಿತು ಅನ್ನುವ ಗುರುತು), ಡೇಟಾ, ಮತ್ತೆ ಟೇಪ್ ಮಾರ್ಕ್, ಕೊನೆಗೆ ಇಓಎಫ್ ಲೇಬಲ್‌ಗಳು. ಫೈಲ್ ಮುಂದಿನ ಟೇಪಿಗೂ ಹರಿದರೆ ಇಓಎಫ್ ಬದಲು ಇಓವಿ ಲೇಬಲ್‌ಗಳು. ಎಷ್ಟು ಬ್ಲಾಕ್ (ಒಂದೇ ಸಲಕ್ಕೆ ಬರೆಯುವ ಡೇಟಾದ ತುಂಡು) ಬರೆದೆ ಅನ್ನುವುದು ಆ ಕೊನೆಯ ಲೇಬಲ್‌ನಲ್ಲಿ ದಾಖಲಾಗುತ್ತದೆ. ಎಷ್ಟು ಉಳಿದಿದೆ ಅನ್ನುವುದು ಈ ಯಾವ ಲೇಬಲ್‌ನಲ್ಲೂ ಇಲ್ಲ.

ಹಾಗಾದರೆ ಟೇಪ್ ಮುಗಿಯಿತು ಅಂತ ಸಿಸ್ಟಂಗೆ ಹೇಗೆ ಗೊತ್ತಾಗುತ್ತದೆ? ತುದಿ ಹತ್ತಿರ ಬಂದಾಗ ಡ್ರೈವ್ ಒಂದು ಎಚ್ಚರಿಕೆ ಕೊಡುತ್ತದೆ. ಅದು ನಿಜವಾದ ತುದಿಗಿಂತ ಸ್ವಲ್ಪ ಮೊದಲೇ ಬರುತ್ತದೆ. ಡ್ರೈವ್‌ನ ಬಫರ್‌ನಲ್ಲಿ ಇನ್ನೂ ಬರೆಯದ ಬ್ಲಾಕ್‌ಗಳಿರುತ್ತವೆ, ಅವೂ ಟೇಪಿಗೆ ಹೋಗಬೇಕು, ಆಮೇಲೆ ಇಓವಿ ಲೇಬಲ್‌ಗಳಿಗೂ ಜಾಗ ಬೇಕು. ಅಷ್ಟನ್ನೂ ಬರೆದು ಮುಗಿಸಿ ಸಿಸ್ಟಂ ಮುಂದಿನ ಟೇಪ್ ಕೇಳುತ್ತದೆ. ಬರೆಯುವ ಪ್ರೋಗ್ರಾಂಗೆ ಇದು ಗೊತ್ತೇ ಆಗುವುದಿಲ್ಲ.

ಕಾರ್ಟ್ರಿಡ್ಜ್ ಮೇಲೆ ಹೇಳುವ ಗಾತ್ರ ಏನು ಹಾಗಾದರೆ? ಅದು ಕುಗ್ಗಿಸದೆ ಬರೆದರೆ ಹಿಡಿಯುವ ಡೇಟಾ. 1984ರ 3480 ಕಾರ್ಟ್ರಿಡ್ಜ್ 200 ಎಂಬಿ. 1991ರಲ್ಲಿ ಬಂದ 3490ಇ ಅದೇ ಅಳತೆಯ ಕಾರ್ಟ್ರಿಡ್ಜ್‌ನಲ್ಲಿ 18ರ ಬದಲು 36 ಟ್ರ್ಯಾಕ್ ಬರೆದು 400 ಎಂಬಿ ಮಾಡಿತು, ಉದ್ದದ ಟೇಪ್ ಹಾಕಿದರೆ 800 ಎಂಬಿ. 1995ರ 3590 ಮೊದಲಿಗೆ 10 ಜಿಬಿ. 2003ರಲ್ಲಿ ಬಂದ 3592 ಜೆ1ಎ ಡ್ರೈವ್‌ನಲ್ಲಿ 300 ಜಿಬಿ. ಆಮೇಲಿನ ಡ್ರೈವ್‌ಗಳು ಟೆರಾಬೈಟ್‌ಗೆ ಹೋದವು. ಇವೆಲ್ಲ ಕುಗ್ಗಿಸದ ಲೆಕ್ಕ. ನಿಮ್ಮ ಪ್ರೋಗ್ರಾಂ ಕಳಿಸಿದ ಡೇಟಾವನ್ನು ಡ್ರೈವ್ ಕುಗ್ಗಿಸಿ ಬರೆಯುವುದರಿಂದ ನಿಜದಲ್ಲಿ ಹಿಡಿಯುವುದು ಅದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನುವುದು ಡೇಟಾ ನೋಡಿ ಮಾತ್ರ ಹೇಳಬಹುದು.

ಹತ್ತಿ ಬೆಳೆಯುವ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಡಿಗೆ ಒಂದೇ ಅಳತೆಯದ್ದು. ಅದರಲ್ಲಿ ಎಷ್ಟು ಹತ್ತಿ ಹಿಡಿಯುತ್ತದೆ ಅನ್ನುವುದು ಒಳಗಿಳಿದು ಎಷ್ಟು ತುಳಿಯುತ್ತೀರಿ ಅನ್ನುವುದರ ಮೇಲೆ. ಹೋದ ಸಲ ಎರಡು ಗಾಡಿ ಹತ್ತಿ ಐದು ಅಂಡಿಗೆಗೆ ಹಿಡಿಯಿತು ಅಂದರೆ ಅದು ತುಳಿದ ಲೆಕ್ಕ. ಅದೇ ಅಂಡಿಗೆಗೆ ಮರಳು ತುಂಬಿ ನೋಡಿ. ಎಷ್ಟು ತುಳಿದರೂ ಒಂದು ಹಿಡಿಯೂ ಜಾಸ್ತಿ ಹಿಡಿಯುವುದಿಲ್ಲ.

ಹಾಗಾಗಿ ಟೇಪಿನ ವಿಷಯದಲ್ಲಿ ಎರಡು ಲೆಕ್ಕವನ್ನು ಬೇರೆ ಬೇರೆ ಇಡಲೇಬೇಕು. ಪ್ರೋಗ್ರಾಂ ಕಳಿಸಿದ ಬೈಟ್ ಒಂದು. ಕುಗ್ಗಿದ ಮೇಲೆ ಟೇಪಿಗೆ ಇಳಿದ ಬೈಟ್ ಇನ್ನೊಂದು. ಟೇಪ್ ತುಂಬುವುದು ಎರಡನೆಯದರಿಂದ. ನಾವು ಕಣ್ಣಿಟ್ಟು ನೋಡುವುದು ಮಾತ್ರ ಯಾವಾಗಲೂ ಮೊದಲನೆಯದನ್ನು. "ಡೇಟಾ ಜಾಸ್ತಿ ಆಗಿಲ್ಲ" ಅಂತ ಆ ಹುಡುಗ ಹೇಳಿದ್ದೂ ಮೊದಲನೆಯದರ ಲೆಕ್ಕವೇ.

ಎರಡು ಸಂಖ್ಯೆ ಹುಡುಕುವುದು

ಮೊದಲ ಸಂಖ್ಯೆಗೆ ಹೋದ ತಿಂಗಳ ಸರಿಯಾಗಿ ಮುಗಿದ ಜಾಬ್‌ನ ಲಾಗ್ ತೆಗೆಯಿರಿ. ಒಂದಕ್ಕಿಂತ ಹೆಚ್ಚು ಟೇಪಿಗೆ ಹೋದ ಫೈಲ್ ಮುಚ್ಚುವಾಗ ಐಇಸಿ205ಐ ಮೆಸೇಜ್ ಬರುತ್ತದೆ. ಅದರಲ್ಲಿ ಬಳಸಿದ ಎಲ್ಲ ಟೇಪ್‌ಗಳ ಪಟ್ಟಿ ಇರುತ್ತದೆ, ಕೊನೆಯಲ್ಲಿ ಒಟ್ಟು ಬ್ಲಾಕ್‌ಗಳ ಸಂಖ್ಯೆ ಇರುತ್ತದೆ. ನಮ್ಮ ಜಾಬ್‌ನದ್ದನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಬ್ಲಾಕ್ 7,63,000. ಬ್ಲಾಕ್ ಗಾತ್ರ 65,520. ಗುಣಿಸಿದರೆ ಸುಮಾರು 50 ಜಿಬಿ. ಎಲ್ಲ ಬ್ಲಾಕ್ ಪೂರ್ತಿ ತುಂಬಿರುವುದಿಲ್ಲ, ಅದರಲ್ಲೂ ಉದ್ದ ಬದಲಾಗುವ ರೆಕಾರ್ಡ್‌ಗಳಿದ್ದರೆ. ಆದ್ದರಿಂದ ಇದು ಮೇಲಿನ ಮಿತಿ, ನಿಜ ಸಂಖ್ಯೆ ಸ್ವಲ್ಪ ಕಡಿಮೆಯೇ. ಈ ಕೆಲಸಕ್ಕೆ ಅಷ್ಟು ಸಾಕು.

ಈ ತಿಂಗಳ ಎರಡನೇ ಓಟದಲ್ಲೂ ಹತ್ತಿರ ಹತ್ತಿರ ಅಷ್ಟೇ ಬ್ಲಾಕ್. ಅಂದರೆ ಹುಡುಗ ಹೇಳಿದ್ದು ಸರಿ.

ಎರಡನೇ ಸಂಖ್ಯೆಗೆ ಎಸ್‌ಎಂಎಫ್, ಅಂದರೆ ಸಿಸ್ಟಂ ತಾನೇ ಬರೆದಿಡುವ ದಾಖಲೆಗಳಲ್ಲಿ, 21ನೇ ರೆಕಾರ್ಡ್ ನೋಡಿ. ನನ್ನ ಪ್ರಕಾರ ಟೇಪಿನ ಜಾಗದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ, ಆದರೆ ನೋಡುವವರೇ ಕಡಿಮೆ. ಟೇಪ್ ಡ್ರೈವ್‌ನಿಂದ ಇಳಿಯುವಾಗ ಇದು ಬರೆಯಲ್ಪಡುತ್ತದೆ. ದೋಷಗಳ ಎಣಿಕೆ ಇರುವುದರಿಂದ ಇದನ್ನು ಎರರ್ ರೆಕಾರ್ಡ್ ಅಂತ ಎಲ್ಲರೂ ಬದಿಗಿಡುತ್ತಾರೆ. ಆದರೆ ಚಾನೆಲ್ ಮೇಲೆ, ಅಂದರೆ ಮೇನ್‌ಫ್ರೇಮ್‌ನಿಂದ, ಬಂದ ಬೈಟ್ ಎಷ್ಟು, ಡ್ರೈವ್ ಟೇಪಿಗೆ ಬರೆದ ಬೈಟ್ ಎಷ್ಟು ಅಂತ ಎರಡೂ ಇದರಲ್ಲೇ ಇವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಷ್ಟು ಪಟ್ಟು ಕುಗ್ಗಿತು ಅನ್ನುವುದು ಸಿಗುತ್ತದೆ.

ವರ್ಚುವಲ್ ಟೇಪ್ ಇದ್ದರೆ, ಅಂದರೆ ಟೇಪಿನಂತೆ ನಟಿಸುವ ಐಬಿಎಂ ಟಿಎಸ್7700 ಥರದ್ದು, ಇನ್ನೂ ಸುಲಭ. ಲೈಬ್ರರಿ ರಿಕ್ವೆಸ್ಟ್ ಕಮಾಂಡ್‌ನಲ್ಲಿ ಎಲ್‌ವಿಓಎಲ್ ಅಂತ ಕೊಟ್ಟು ಟೇಪಿನ ಸೀರಿಯಲ್ ಬರೆದರೆ, ಆ ಲಾಜಿಕಲ್ ವಾಲ್ಯೂಮ್ (ಅಂಥ ಒಂದು ವರ್ಚುವಲ್ ಟೇಪ್) ಎಷ್ಟು ದೊಡ್ಡದು, ಕುಗ್ಗಿದ ಮೇಲೆ ಅದರಲ್ಲಿ ಎಷ್ಟು ಕೂತಿದೆ ಅಂತ ಅದೇ ಹೇಳುತ್ತದೆ. ಒಂದು ವಿಷಯ ಮರೆಯಬೇಡಿ. ಟಿಎಸ್7700 ಹೊರಗೆ 3490ಇ ಡ್ರೈವ್‌ನಂತೆ ಕಾಣುತ್ತದೆ, ಆದರೆ ವಾಲ್ಯೂಮ್ ಗಾತ್ರ 400, 800, 1000, 2000, 4000, 6000, 25000 ಎಂಬಿ ಹೀಗೆ ಡೇಟಾ ಕ್ಲಾಸ್‌ನಲ್ಲಿ (ಫೈಲನ್ನು ಹೇಗೆ ಬರೆಯಬೇಕು ಅನ್ನುವ ಸೆಟ್ಟಿಂಗ್‌ಗಳ ಗುಂಪಿನಲ್ಲಿ) ಆರಿಸಿದ್ದು. ಆ ಗಾತ್ರವನ್ನು ಅಳೆಯುವುದು ಕುಗ್ಗಿದ ಮೇಲೆ.

ನಮ್ಮದು 4000 ಎಂಬಿ ವಾಲ್ಯೂಮ್‌ಗಳು. ಹೋದ ತಿಂಗಳು 50 ಜಿಬಿ ಕಳಿಸಿದ್ದೆವು, ಟೇಪಿಗೆ ಇಳಿದದ್ದು ಸುಮಾರು 18 ಜಿಬಿ. 18ನ್ನು 4ರಿಂದ ಭಾಗಿಸಿದರೆ ನಾಲ್ಕೂವರೆ, ಅಂದರೆ ಐದು ಟೇಪ್. ಈ ತಿಂಗಳೂ ಕಳಿಸಿದ್ದು 50, ಇಳಿದದ್ದೂ 50. 50ನ್ನು 4ರಿಂದ ಭಾಗಿಸಿದರೆ ಹನ್ನೆರಡೂವರೆ, ಅಂದರೆ ಹದಿಮೂರು ಟೇಪ್. ಲೆಕ್ಕ ಕೂಡಿತು. ಅಂದರೆ ದೋಷ ಟೇಪಿನಲ್ಲೂ ಇಲ್ಲ, ಜೆಸಿಎಲ್‌ನಲ್ಲೂ ಇಲ್ಲ. ಡೇಟಾ ಕುಗ್ಗುವುದು ನಿಂತುಹೋಗಿದೆ.

ಈ ಭಾಗಾಕಾರ ಮಾಡದೆ ಮುಂದಿನ ಹೆಜ್ಜೆ ಇಡಬೇಡಿ. ಇಲ್ಲಿಂದ ದಾರಿ ಎರಡಾಗುತ್ತದೆ. ಕುಗ್ಗುವ ಪಟ್ಟು ಬಿದ್ದಿದ್ದರೆ ಡೇಟಾ ಕಡೆ ಅಥವಾ ಕಂಪ್ಯಾಕ್ಷನ್ (ಡ್ರೈವ್ ಡೇಟಾ ಕುಗ್ಗಿಸುವುದು) ಸೆಟ್ಟಿಂಗ್ ಕಡೆ ಹೋಗಿ. ಪಟ್ಟು ಹಾಗೇ ಇದ್ದು ಟೇಪ್ ಮಾತ್ರ ಬೇಗ ತುಂಬಿದ್ದರೆ ಕಾರ್ಟ್ರಿಡ್ಜ್, ಡ್ರೈವ್, ಡೇಟಾ ಕ್ಲಾಸ್ ಕಡೆ ಹೋಗಿ.

ಕುಗ್ಗುವುದು ನಿಂತಿದ್ದರೆ

ಈಚಿನ ವರ್ಷಗಳಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಡೇಟಾ ಸೆಟ್‌ಗಳನ್ನು, ಅಂದರೆ ಮೇನ್‌ಫ್ರೇಮ್‌ನ ಫೈಲ್‌ಗಳನ್ನು, ಎನ್‌ಕ್ರಿಪ್ಟ್ ಮಾಡಿದ್ದೀರಾ?

2017ರಲ್ಲಿ ಝಡ್14 ಯಂತ್ರದ ಜೊತೆ ಐಬಿಎಂ ಎಲ್ಲ ಡೇಟಾವನ್ನೂ ಎನ್‌ಕ್ರಿಪ್ಟ್ ಮಾಡಿ ಇಡುವ ಮಾತು ಜೋರಾಗಿ ಹೇಳಿತು. ಬ್ಯಾಂಕ್‌ಗಳಿಗೆ ಅದು ಬೇಕೂ ಇತ್ತು. ಕೀ ಲೇಬಲ್ (ಎನ್‌ಕ್ರಿಪ್ಷನ್ ಕೀಯ ಹೆಸರು) ಕೊಟ್ಟರೆ ಡೇಟಾ ಸೆಟ್ ಡಿಸ್ಕ್‌ಗೆ ಬರೆಯುವಾಗಲೇ ಎನ್‌ಕ್ರಿಪ್ಟ್ ಆಗುತ್ತದೆ, ಪ್ರೋಗ್ರಾಂ ಓದುವಾಗ ಬಿಚ್ಚಿಕೊಳ್ಳುತ್ತದೆ. ಪ್ರೋಗ್ರಾಂನಲ್ಲಿ ಒಂದು ಸಾಲೂ ಬದಲಿಸಬೇಕಿಲ್ಲ. ಅದಕ್ಕೇ ಬ್ಯಾಕಪ್ ನೋಡಿಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ.

ಆದರೆ ಬ್ಯಾಕಪ್ ತೆಗೆಯುವ ಡಿಎಸ್‌ಎಸ್ ಯುಟಿಲಿಟಿ ಡಂಪ್ ಮಾಡುವಾಗ ಅದನ್ನು ಬಿಚ್ಚುವುದಿಲ್ಲ. ಎನ್‌ಕ್ರಿಪ್ಟ್ ಆದ ರೂಪದಲ್ಲೇ ಎತ್ತಿ ಟೇಪಿಗೆ ಹಾಕುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದೇ ಸರಿ, ಬ್ಯಾಕಪ್ ಮಾಡುವವನಿಗೆ ಗ್ರಾಹಕರ ಖಾತೆ ಕಾಣಬೇಕಾಗಿಲ್ಲ. ಟೇಪಿನ ದೃಷ್ಟಿಯಿಂದ ಮಾತ್ರ ಹತ್ತಿ ಹೋಗಿ ಮರಳು ಬಂತು. ಡ್ರೈವ್ ಕುಗ್ಗಿಸುವುದು ಮತ್ತೆ ಮತ್ತೆ ಬರುವ ಅಕ್ಷರಗಳ ಜಾಡು ಹಿಡಿದು. ಖಾಲಿ ಜಾಗಗಳು, ಸೊನ್ನೆಗಳು, ಒಂದೇ ಊರಿನ ಹೆಸರು ಸಾವಿರ ಸಲ. ಎನ್‌ಕ್ರಿಪ್ಟ್ ಆದ ಡೇಟಾದಲ್ಲಿ ಅಂಥ ಜಾಡೇ ಇರುವುದಿಲ್ಲ, ಇರಲೂಬಾರದು. ಡಂಪ್ ಮಾಡುವಾಗ ಡಿಎಸ್‌ಎಸ್‌ನಲ್ಲೇ ಕಂಪ್ರೆಸ್ ಅಂತ ಕೊಟ್ಟರೂ ಉಪಯೋಗವಿಲ್ಲ, ಸಿಪಿಯು ಖರ್ಚಾಗುತ್ತದೆ ಅಷ್ಟೇ.

ನಮ್ಮಲ್ಲಿ ಆಗಿದ್ದೂ ಇದೇ. ಆ ತಿಂಗಳ ಎರಡನೇ ವಾರದಲ್ಲಿ ಸೆಕ್ಯುರಿಟಿ ತಂಡ ಮುಖ್ಯ ಫೈಲ್‌ಗಳಿಗೆ ಕೀ ಲೇಬಲ್ ಕೊಟ್ಟಿತ್ತು. ಅವರ ಚೇಂಜ್ ರೆಕಾರ್ಡ್‌ನಲ್ಲಿ ಟೇಪ್ ಅನ್ನುವ ಪದವೇ ಇರಲಿಲ್ಲ.

ಪರಿಹಾರ ಕ್ರಮದಲ್ಲಿದೆ: ಮೊದಲು ಕುಗ್ಗಿಸಿ, ಆಮೇಲೆ ಎನ್‌ಕ್ರಿಪ್ಟ್ ಮಾಡಿ. ಡೇಟಾ ಸೆಟ್ ಕಂಪ್ರೆಸ್ಡ್ ಫಾರ್ಮ್ಯಾಟ್‌ನದ್ದಾಗಿದ್ದರೆ ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಝಡ್/ಓಎಸ್ ಇದೇ ಕ್ರಮದಲ್ಲಿ ಮಾಡುತ್ತದೆ. ಝಡ್15ರಿಂದ ಕುಗ್ಗಿಸುವ ಕೆಲಸಕ್ಕೆ ಪ್ರೊಸೆಸರ್ ಚಿಪ್‌ನೊಳಗೇ ವ್ಯವಸ್ಥೆ ಇದೆ, ಅದಕ್ಕೂ ಮೊದಲಿನ ಯಂತ್ರಗಳಲ್ಲಿ ಝಡ್‌ಇಡಿಸಿ ಕಾರ್ಡ್ ಇತ್ತು. ಆಗ ಡಿಸ್ಕ್‌ನಲ್ಲೂ ಜಾಗ ಉಳಿಯುತ್ತದೆ, ಟೇಪಿಗೂ ಕಡಿಮೆ ಹೋಗುತ್ತದೆ. ನಮ್ಮಲ್ಲಿ ಎಲ್ಲ ಫೈಲನ್ನೂ ಒಂದೇ ಸಲ ಬದಲಿಸಲು ಆಗಲಿಲ್ಲ, ದೊಡ್ಡ ನಾಲ್ಕನ್ನು ಮೊದಲು ಬದಲಿಸಿದೆವು. ಮುಂದಿನ ತಿಂಗಳು ಜಾಬ್ ಏಳು ಟೇಪಿಗೆ ಇಳಿಯಿತು.

ಇದಕ್ಕೂ ಡ್ರೈವ್ ತಾನೇ ಮಾಡುವ ಎನ್‌ಕ್ರಿಪ್ಷನ್‌ಗೂ ಗೊಂದಲ ಬೇಡ. 2006ರಿಂದ ಟಿಎಸ್1120 ಡ್ರೈವ್ ಟೇಪಿಗೆ ಬರೆಯುವಾಗ ಎನ್‌ಕ್ರಿಪ್ಟ್ ಮಾಡಬಲ್ಲದು. ಅಲ್ಲಿ ಡ್ರೈವ್ ಮೊದಲು ಕುಗ್ಗಿಸಿ ಆಮೇಲೆ ಎನ್‌ಕ್ರಿಪ್ಟ್ ಮಾಡುತ್ತದೆ. ಅದರಿಂದ ಟೇಪ್ ಬೇಗ ತುಂಬುವುದಿಲ್ಲ. ಯಾರಾದರೂ "ಟೇಪ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಜಾಗ ಉಳಿಯುತ್ತೆ" ಅಂದರೆ ಒಪ್ಪಬೇಡಿ. ಜಾಗವೂ ಉಳಿಯುವುದಿಲ್ಲ, ರಕ್ಷಣೆಯೂ ಹೋಗುತ್ತದೆ.

ಎನ್‌ಕ್ರಿಪ್ಷನ್ ಇಲ್ಲ ಅಂತ ಖಾತ್ರಿಯಾದರೆ, ಆಗಲೇ ಕುಗ್ಗಿಸಿದ ಡೇಟಾ ಬರುತ್ತಿದೆಯಾ ನೋಡಿ. ಡೇಟಾಬೇಸ್‌ನವರು ಟೇಬಲ್‌ಗಳಿಗೆ ಕಂಪ್ರೆಷನ್ ಹಾಕಿದರೆ, ಅಥವಾ ಬ್ಯಾಕಪ್ ಯುಟಿಲಿಟಿಯೇ ಕುಗ್ಗಿಸಿ ಕಳಿಸಿದರೆ ಡ್ರೈವ್‌ಗೆ ಕುಗ್ಗಿಸಲು ಏನೂ ಉಳಿದಿರುವುದಿಲ್ಲ. ಆದರೆ ಇದನ್ನು ದೋಷ ಅನ್ನಬೇಡಿ. ಪಟ್ಟು ಒಂದಕ್ಕೆ ಬಿದ್ದಿರುತ್ತದೆ ನಿಜ, ಬ್ಲಾಕ್‌ಗಳ ಒಟ್ಟು ಸಂಖ್ಯೆಯೂ ಬಿದ್ದಿರುತ್ತದೆ. ಟೇಪ್ ಜಾಸ್ತಿ ಬೇಕಾಗುವುದಿಲ್ಲ.

ಕೊನೆಯದಾಗಿ ಕಂಪ್ಯಾಕ್ಷನ್ ಸ್ವಿಚ್ಚೇ ಆಫ್ ಆಗಿರಬಹುದು. ಇದನ್ನು ನಾಲ್ಕು ಕಡೆ ನೋಡಬೇಕು. ಜೆಸಿಎಲ್‌ನಲ್ಲಿ ಫೈಲಿನ ರೂಪ ಹೇಳುವ ಡಿಸಿಬಿಯಲ್ಲಿ ಟಿಆರ್‌ಟಿಸಿಎಚ್=ನೋಕಾಂಪ್ ಇದೆಯಾ? ಡೇಟಾ ಕ್ಲಾಸ್‌ನಲ್ಲಿ ಕಂಪ್ಯಾಕ್ಷನ್ ಬೇಡ ಅಂತ ಇದೆಯಾ? ಇಡೀ ಸಿಸ್ಟಂನ ಸೆಟ್ಟಿಂಗ್ ಇರುವ ಪಾರ್ಮ್‌ಲಿಬ್‌ನ ಡೆವ್‌ಸಪ್ ಮೆಂಬರ್‌ನಲ್ಲಿ ಕಾಂಪ್ಯಾಕ್ಟ್ ಏನಿದೆ? ಇನ್ನೊಂದು, ಟೇಪ್ ಮೌಂಟ್ ಮಾಡು ಅಂತ ಬರುವ ಐಇಸಿ501ಎ ಮೆಸೇಜ್. ಅದರಲ್ಲಿ ಲೇಬಲ್ ಬಗೆಯ ಪಕ್ಕದಲ್ಲೇ ಕಾಂಪ್ ಅಥವಾ ನೋಕಾಂಪ್ ಅಂತ ಬಂದಿರುತ್ತದೆ. ಆ ಒಂದು ಪದ ನೋಡಿದರೆ ಉಳಿದ ಮೂರು ಕಡೆ ಹುಡುಕಬೇಕೋ ಬೇಡವೋ ಗೊತ್ತಾಗುತ್ತದೆ. ಆದ್ದರಿಂದ ಅದನ್ನೇ ಮೊದಲು ನೋಡಿ.

ಸಣ್ಣ ಬ್ಲಾಕ್, ಹಳೆಯ ಕಥೆ

ಹಿರಿಯರು "ಬ್ಲಾಕ್ ಗಾತ್ರ ನೋಡು" ಅಂತ ಮೊದಲು ಹೇಳುತ್ತಾರೆ. ಅವರು ರೀಲ್ ಟೇಪ್ ಕಾಲದವರು. ಅವರ ಮಾತಿನ ಹಿಂದಿನ ಲೆಕ್ಕ ಗೊತ್ತಿರಲಿ, ಅದು ನಿಜಕ್ಕೂ ಚೆನ್ನಾಗಿದೆ.

3420 ಡ್ರೈವ್‌ನಲ್ಲಿ 2400 ಅಡಿ ಟೇಪ್, ಇಂಚಿಗೆ 6250 ಬೈಟ್. ಎರಡು ಬ್ಲಾಕ್ ನಡುವೆ 0.3 ಇಂಚು ಖಾಲಿ. 80 ಬೈಟ್‌ನ ಕಾರ್ಡ್ ರೆಕಾರ್ಡನ್ನು ಒಂದೊಂದಾಗಿ ಬರೆದರೆ ಬ್ಲಾಕ್ ಹಿಡಿಯುವ ಉದ್ದ 0.0128 ಇಂಚು, ಆಮೇಲೆ 0.3 ಇಂಚು ಬಯಲು. ಇಡೀ ರೀಲ್ ತುಂಬಿಸಿದರೂ ಕೂರುವುದು ಸುಮಾರು 7 ಎಂಬಿ. ಅದೇ ಡೇಟಾವನ್ನು 32,760 ಬೈಟ್‌ನ ಬ್ಲಾಕ್‌ನಲ್ಲಿ ಬರೆದರೆ ಸುಮಾರು 170 ಎಂಬಿ. ಟೇಪ್ ಅದೇ, ಡೇಟಾ ಅದೇ. ಇಪ್ಪತ್ತಮೂರು ಪಟ್ಟು ವ್ಯತ್ಯಾಸ!

ಈಗಿನ ಡ್ರೈವ್‌ಗಳು ಸಣ್ಣ ಬ್ಲಾಕ್‌ಗಳನ್ನು ಒಳಗೇ ಕೂಡಿಸಿ ದೊಡ್ಡ ಗಂಟು ಮಾಡಿ ಬರೆಯುತ್ತವೆ. ಹಾಗಾಗಿ 3590, 3592 ಕಾರ್ಟ್ರಿಡ್ಜ್‌ನಲ್ಲಿ ಸಣ್ಣ ಬ್ಲಾಕ್‌ನಿಂದ ಈ ಮಟ್ಟದಲ್ಲಿ ಜಾಗ ಹಾಳಾಗುವುದಿಲ್ಲ. ಹಾಳಾಗುವುದು ಸಮಯ. ಬ್ಲಾಕ್ ಗಾತ್ರ ಸೊನ್ನೆ ಅಂತ ಬರೆದು ಸಿಸ್ಟಂಗೇ ಬಿಟ್ಟುಬಿಡುವುದು ಒಳ್ಳೆಯದು. ದೊಡ್ಡ ಬ್ಲಾಕ್ ಒಪ್ಪುವ ಪ್ರೋಗ್ರಾಂಗಳು ಟೇಪಿನಲ್ಲಿ 256 ಕೆಬಿವರೆಗೂ ಬರೆಯಬಲ್ಲವು.

ಒಂದು ಟೇಪಿಗೆ ನೂರಾರು ಪುಟ್ಟ ಫೈಲ್‌ಗಳನ್ನು ಪೇರಿಸುವ ಜಾಬ್‌ಗಳ ಮೇಲೆ ಮಾತ್ರ ಇವತ್ತಿಗೂ ಕಣ್ಣಿಡಿ. ಒಂದೊಂದು ಫೈಲಿಗೂ ಲೇಬಲ್‌ಗಳು ಬೇಕು, ಮೂರು ಟೇಪ್ ಮಾರ್ಕ್ ಬೇಕು. ಟೇಪ್ ಮಾರ್ಕ್ ಬಂದಾಗಲೆಲ್ಲ ಬಫರ್‌ನಲ್ಲಿರುವುದು ಟೇಪಿಗೆ ಇಳಿಯಲೇಬೇಕು.

ಕುಗ್ಗುತ್ತಿದೆ, ಆದರೂ ಟೇಪ್ ಸಣ್ಣದಾಗಿದೆ

ಈಗ ಇನ್ನೊಂದು ದಾರಿ. ಎಸ್‌ಎಂಎಫ್ 21ರಲ್ಲಿ ಪಟ್ಟು ಹೋದ ತಿಂಗಳಿನಷ್ಟೇ ಇದೆ. ಆದರೆ 300 ಜಿಬಿ ಕಾರ್ಟ್ರಿಡ್ಜ್ 60 ಜಿಬಿಗೆ ತುಂಬಿತು ಅನ್ನುತ್ತಿದೆ.

60 ಅನ್ನುವ ಸಂಖ್ಯೆ ಕಂಡ ತಕ್ಷಣ ಡೇಟಾ ಕ್ಲಾಸ್‌ನಲ್ಲಿ ಪರ್ಫಾರ್ಮೆನ್ಸ್ ಸ್ಕೇಲಿಂಗ್ ನೋಡಿ. 3592 ಕಾರ್ಟ್ರಿಡ್ಜನ್ನು ಬೇಗ ಹುಡುಕಿ ಓದಲಿ ಅಂತ ಮೊದಲ 20 ಶೇಕಡಾ ಮಾತ್ರ ಬಳಸುವ ಏರ್ಪಾಡು ಅದು. 300ರ 20 ಶೇಕಡಾ ಅಂದರೆ 60. ಯಾರೋ ಒಂದು ಅಪ್ಲಿಕೇಶನ್‌ಗೆ ಅಂತ ಆನ್ ಮಾಡಿರುತ್ತಾರೆ, ಆಮೇಲೆ ಅದೇ ಡೇಟಾ ಕ್ಲಾಸನ್ನು ಬ್ಯಾಕಪ್‌ಗೂ ಕೊಟ್ಟಿರುತ್ತಾರೆ. ಸೆಟ್ಟಿಂಗ್ ತೆಗೆದರೂ ಆಗಲೇ ಹಾಗೆ ಬರೆದ ಟೇಪ್ ತಾನಾಗಿ ದೊಡ್ಡದಾಗುವುದಿಲ್ಲ. ಅದು ಸ್ಕ್ರ್ಯಾಚ್ ಆಗಿ, ಮೊದಲಿಂದ ಮತ್ತೆ ಬರೆದಾಗ ಮಾತ್ರ ಪೂರ್ತಿ ಜಾಗ ವಾಪಸ್ ಬರುತ್ತದೆ.

ರೆಕಾರ್ಡಿಂಗ್ ಫಾರ್ಮ್ಯಾಟ್‌ನಲ್ಲೂ ಇದೇ ಕಥೆ. 3592ರ ಒಂದೇ ಜೆಎ ಕಾರ್ಟ್ರಿಡ್ಜ್ ಮೊದಲ ತಲೆಮಾರಿನ ಫಾರ್ಮ್ಯಾಟ್‌ನಲ್ಲಿ 300 ಜಿಬಿ, ಟಿಎಸ್1120ರ ಫಾರ್ಮ್ಯಾಟ್‌ನಲ್ಲಿ 500 ಜಿಬಿ. ಹೊಸ ಡ್ರೈವ್ ತಂದರೂ, ಹಳೆ ಫಾರ್ಮ್ಯಾಟ್‌ನಲ್ಲಿ ಶುರುವಾದ ಟೇಪಿನ ಕೊನೆಗೆ ಫೈಲ್ ಸೇರಿಸುತ್ತಾ ಹೋದರೆ ಅದೇ ಹಳೆ ಫಾರ್ಮ್ಯಾಟ್ ಮುಂದುವರಿಯುತ್ತದೆ. ಟಿಎಸ್7700ರಲ್ಲೂ ಹಾಗೆಯೇ: ಡೇಟಾ ಕ್ಲಾಸ್‌ನಲ್ಲಿ 800ನ್ನು 4000 ಮಾಡಿದರೆ ಅದು ಹೊಸದಾಗಿ ಬರೆಯಲು ಶುರು ಮಾಡುವ ಟೇಪಿಗೆ ಮಾತ್ರ. ಬದಲಾವಣೆ ಮಾಡಿದ ಮರುದಿನವೇ "ಏನೂ ವ್ಯತ್ಯಾಸ ಆಗಿಲ್ಲ" ಅಂತ ಟಿಕೆಟ್ ಹಾಕುವ ಮೊದಲು ಯಾವ ಟೇಪ್ ನೋಡುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಸಂಖ್ಯೆ ಹೀಗೆ ದುಂಡಗಿಲ್ಲದೆ ಒಂದೊಂದು ಟೇಪಿಗೆ ಒಂದೊಂದು ಥರ ಇದ್ದರೆ ಡ್ರೈವ್ ಮೇಲೆ ಅನುಮಾನ ಪಡಿ. ಬರೆದ ತಕ್ಷಣ ಡ್ರೈವ್ ಅದನ್ನು ಓದಿ ಪರೀಕ್ಷಿಸುತ್ತದೆ. ಸರಿ ಬರದಿದ್ದರೆ ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ಜಾಬ್‌ಗೆ ಇದು ಕಾಣುವುದಿಲ್ಲ, ಟೇಪ್ ಮಾತ್ರ ಖರ್ಚಾಗುತ್ತಿರುತ್ತದೆ. ಎಸ್‌ಎಂಎಫ್ 21ರಲ್ಲಿ ತಾತ್ಕಾಲಿಕ ರೈಟ್ ಎರರ್‌ಗಳ ಎಣಿಕೆ ತೆಗೆದು ಎರಡು ಥರ ಜೋಡಿಸಿ. ಒಮ್ಮೆ ಡ್ರೈವ್ ಪ್ರಕಾರ, ಒಮ್ಮೆ ಟೇಪ್ ಸೀರಿಯಲ್ ಪ್ರಕಾರ. ಎರರ್ ಒಂದೇ ಡ್ರೈವ್‌ನಲ್ಲಿ ಗುಂಪಾಗಿದ್ದರೆ ಆ ಡ್ರೈವ್ ಕ್ಲೀನ್ ಮಾಡಿಸಿ, ಆಗಲೂ ಸರಿಹೋಗದಿದ್ದರೆ ಇಂಜಿನಿಯರ್ ಕರೆಸಿ. ಒಂದೇ ಟೇಪ್ ಎಲ್ಲ ಡ್ರೈವ್‌ನಲ್ಲೂ ಎರರ್ ಕೊಡುತ್ತಿದ್ದರೆ ಆ ಟೇಪ್‌ನಲ್ಲಿರುವ ಡೇಟಾ ಬೇರೆಡೆಗೆ ಸಾಗಿಸಿ, ಅದನ್ನು ಬಳಕೆಯಿಂದ ತೆಗೆದುಬಿಡಿ.

ದೋಷವೇ ಅಲ್ಲದ ಎರಡು ದೂರುಗಳೂ ಆಗಾಗ ಬರುತ್ತವೆ. ಒಂದು, "ಟೇಪಿನಲ್ಲಿ ಏಳು ಶೇಕಡಾ ಕಡಿಮೆ ಇದೆ" ಅನ್ನುವುದು. ಕಾರ್ಟ್ರಿಡ್ಜ್‌ನ 300 ಜಿಬಿ ಸಾವಿರದ ಲೆಕ್ಕದ್ದು. 1024ರ ಲೆಕ್ಕದಲ್ಲಿ ಭಾಗಿಸುವ ರಿಪೋರ್ಟ್‌ನಲ್ಲಿ ಅದು 279 ಅಂತ ಕಾಣುತ್ತದೆ. ಏನೂ ಕಳೆದುಹೋಗಿಲ್ಲ. ಇನ್ನೊಂದು, ಫೈಲ್‌ಗಳನ್ನು ತಾನಾಗಿ ಟೇಪಿಗೆ ಸಾಗಿಸುವ ಎಚ್‌ಎಸ್‌ಎಂ ಟೇಪನ್ನು ಪೂರ್ತಿ ತುಂಬಿಸುತ್ತಿಲ್ಲ ಅನ್ನುವುದು. ಅದರ ಟೇಪ್‌ಯುಟಿಲೈಸೇಶನ್ ಸೆಟ್ಟಿಂಗ್‌ನಲ್ಲಿ ಪರ್ಸೆಂಟ್‌ಫುಲ್ ಏನೂ ಕೊಡದಿದ್ದರೆ 97 ಇರುತ್ತದೆ. ಅಷ್ಟಾದ ಮೇಲೆ ಅದು ಟೇಪ್ ತುಂಬಿತು ಅಂತ ಗುರುತು ಹಾಕುತ್ತದೆ. ಬೇಕಂತಲೇ ಬಿಟ್ಟ ಜಾಗ ಅದು. ಹಾಗೇ ಇರಲಿ ಬಿಡಿ.

ಪ್ರೋಗ್ರಾಂನೊಳಗೆ ಎಣಿಸುವವರಿಗೆ

"ಬರೆಯುವಾಗಲೇ ಎಷ್ಟು ಜಾಗ ಉಳಿದಿದೆ ಅಂತ ಪ್ರೋಗ್ರಾಂಗೆ ಗೊತ್ತಾಗಬೇಕು" ಅಂತ ಡೆವಲಪರ್‌ಗಳು ಕೇಳುತ್ತಾರೆ. ಒಂದು ಹಳೆ ಕೋಬಾಲ್ ಪ್ರೋಗ್ರಾಂನಲ್ಲಿ ಬೈಟ್ ಎಣಿಸಿ 800 ಎಂಬಿ ಆದ ತಕ್ಷಣ ಟೇಪ್ ಬದಲಿಸುವ ಸಾಲುಗಳನ್ನು ನಾನೇ ನೋಡಿದ್ದೇನೆ. ಎಣಿಸುತ್ತಿದ್ದದ್ದು ಕುಗ್ಗುವ ಮೊದಲಿನ ಬೈಟ್. ಪ್ರತಿ ಟೇಪಿನ ಅರ್ಧಕ್ಕಿಂತ ಹೆಚ್ಚು ಭಾಗ ವರ್ಷಗಟ್ಟಲೆ ಖಾಲಿ ಹೋಗಿತ್ತು.

ಸಾಧ್ಯವಾದರೆ ಎಣಿಸುವುದನ್ನೇ ಬಿಡಿ. ಟೇಪ್ ಮುಗಿದಾಗ ಸಿಸ್ಟಂ ಬದಲಿಸುತ್ತದೆ, ಸಾಕಷ್ಟು ವಾಲ್ಯೂಮ್ ಕೌಂಟ್ ಕೊಟ್ಟರೆ ಆಯಿತು. ಟೇಪ್ ಬದಲಾದದ್ದು ಪ್ರೋಗ್ರಾಂಗೆ ತಿಳಿಯಲೇಬೇಕಿದ್ದರೆ ಅಸೆಂಬ್ಲರ್‌ನಲ್ಲಿ ಡಿಸಿಬಿಯ ಎಕ್ಸಿಟ್ ಪಟ್ಟಿಯಲ್ಲಿ ಎಂಡ್ ಆಫ್ ವಾಲ್ಯೂಮ್ ಎಕ್ಸಿಟ್ ಕೊಡಬಹುದು. ಒಂದು ಶಾಖೆಯ ಡೇಟಾ ಮುಗಿದ ಕಡೆ ಬೇಕಂತಲೇ ಟೇಪ್ ಬದಲಿಸಬೇಕಾದರೆ ಅಸೆಂಬ್ಲರ್‌ನಲ್ಲಿ ಎಫ್‌ಇಓವಿ, ಕೋಬಾಲ್‌ನಲ್ಲಿ ಕ್ಲೋಸ್ ರೀಲ್ ಇದೆ. ಅಂದಾಜಾದರೂ ಬೇಕೇ ಬೇಕು ಅನ್ನುವವರು ಎಸ್‌ಎಂಎಫ್ 21ರಿಂದ ಹಿಂದಿನ ಆರು ತಿಂಗಳ ಪಟ್ಟು ತೆಗೆದು, ಅದರಲ್ಲಿ ಅತಿ ಕಡಿಮೆ ಇರುವುದನ್ನು ಹಿಡಿಯಿರಿ. ಸರಾಸರಿ ಹಿಡಿಯಬೇಡಿ. ಸರಾಸರಿ ಹಿಡಿದರೆ ಕಷ್ಟದ ತಿಂಗಳಲ್ಲೇ ಕೈಕೊಡುತ್ತದೆ.

ಟೇಪ್‌ಗಳ ಲೆಕ್ಕ ಇಡುವ ಟೇಪ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ಬರುವ ಶೇಕಡಾವಾರು, ಉದಾಹರಣೆಗೆ ಆರ್‌ಎಂಎಂನಲ್ಲಿ ವಾಲ್ಯೂಮ್ ಪಟ್ಟಿ ತೆಗೆದರೆ ಕಾಣುವ ಎಷ್ಟು ತುಂಬಿದೆ ಅನ್ನುವ ಸಂಖ್ಯೆ, ಫೈಲ್ ಮುಚ್ಚಿದ ಮೇಲಿನದ್ದು. ಬರೆಯುತ್ತಿರುವ ಟೇಪಿಗೆ ಅದನ್ನು ನಂಬಬೇಡಿ. ನಿನ್ನೆಯ ಟೇಪಿಗೆ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಬಿದ್ದ ಜಾಬ್ ಬಿಟ್ಟುಹೋದ ಟೇಪ್‌ಗಳು

ಮೊದಲ ಓಟ ಬರೆದ ಆ ಐದು ಟೇಪ್‌ಗಳನ್ನು ಮರೆಯಬೇಡಿ. ಜೆಸಿಎಲ್‌ನ ಡಿಸ್ಪ್‌ನಲ್ಲಿ ಮೂರನೇ ಜಾಗದಲ್ಲಿ (ಜಾಬ್ ಬಿದ್ದರೆ ಫೈಲನ್ನು ಏನು ಮಾಡಬೇಕು ಅಂತ ಹೇಳುವ ಕಡೆ) ಡಿಲೀಟ್ ಇದ್ದರೆ ಕ್ಯಾಟಲಾಗ್‌ನಲ್ಲಿ ಹೆಸರು ಇರುವುದಿಲ್ಲ, ಆದರೆ ಟೇಪ್‌ಗಳು ತಕ್ಷಣ ಸ್ಕ್ರ್ಯಾಚ್ ಆಗುತ್ತವೆ ಅಂತ ಅಲ್ಲ. ಅಬೆಂಡ್ ಆದ ಫೈಲ್‌ಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಆರ್‌ಎಂಎಂನಲ್ಲಿ ಪ್ರತ್ಯೇಕ ನಿಯಮ ಹಾಕಲು ಬರುತ್ತದೆ. ನಮ್ಮಲ್ಲಿ ಅದು ಹಾಕಿದ್ದರಿಂದ ಐದೂ ಟೇಪ್ ಹಿಡಿದುಕೊಂಡೇ ಕೂತಿದ್ದವು. ಹದಿಮೂರು ಟೇಪಿನ ಹೊಸ ಬ್ಯಾಕಪ್‌ನಿಂದ ಒಂದು ಡೇಟಾ ಸೆಟ್ ಬೇರೆ ಹೆಸರಿಗೆ ರಿಸ್ಟೋರ್ ಮಾಡಿ, ಸರಿಯಾಗಿ ತೆರೆಯುತ್ತದೆ ಅಂತ ನೋಡಿದೆವು. ಆಮೇಲೆ ಐದನ್ನೂ ಬಿಡಿಸಿ ಸ್ಕ್ರ್ಯಾಚ್‌ಗೆ ಕಳಿಸಿದೆವು. ನೀವೂ ಇದೇ ಕ್ರಮದಲ್ಲಿ ಮಾಡಿ: ರಿಸ್ಟೋರ್ ಪರೀಕ್ಷೆ ಮೊದಲು, ಟೇಪ್ ಬಿಡಿಸುವುದು ಆಮೇಲೆ.